ಎಂಜಿನ್ ಬದಲಾದ ಮೇಲೆ ರೆವ್ ಲಿಮಿಟ್ ಹಳೆಯದೇ ಇರಬಾರದು

ಮಾನ್ಯ ಸಂಪಾದಕರೇ,

ಸ್ಪೋರ್ಟ್ಸ್ ಕಾರಿಗೆ ಬೇರೆ ಎಂಜಿನ್ ಕೂರಿಸುವ ವಿಷಯ ಬಂದಾಗಲೆಲ್ಲ ಅಶ್ವಶಕ್ತಿ ಎಷ್ಟು ಹೆಚ್ಚಿತು, ಖರ್ಚೆಷ್ಟಾಯಿತು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಹೊಸ ಎಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ತಾಳುತ್ತದೆ, ಕಾರಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ಎಲ್ಲಿ ತಡೆಯುತ್ತದೆ ಎಂದು ಕೇಳುವವರು ಕಡಿಮೆ. ರೆವ್ ಲಿಮಿಟ್, ಅಂದರೆ ಎಂಜಿನ್ ಏರಬಹುದಾದ ಗರಿಷ್ಠ ಆರ್‌ಪಿಎಂ, ಎಂಜಿನ್ನಿಗೆ ಸೇರಿದ್ದು, ಕಾರಿಗಲ್ಲ. ಆದರೆ ಎಂಜಿನ್ ಬದಲಿಸಿ ಹಳೆಯ ಇಸಿಯು ಉಳಿಸಿಕೊಂಡರೆ ಹಳೆಯ ಲಿಮಿಟ್ಟೇ ಉಳಿಯುತ್ತದೆ.

ಇದಕ್ಕೆ ಹೋಂಡಾ ಎಸ್2000 ಒಳ್ಳೆಯ ಉದಾಹರಣೆ. 1999ರಲ್ಲಿ ಬಂದ ಈ ಕಾರಿನ ಎಫ್20ಸಿ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 87 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 84 ಮಿ.ಮೀ. ಅದು 9000 ಆರ್‌ಪಿಎಂವರೆಗೆ ಏರುತ್ತಿತ್ತು. ಅಮೆರಿಕದ 2004ರ ಮಾದರಿಯಿಂದ ಎಫ್22ಸಿ1 ಎಂಜಿನ್ ಬಂತು. ಬೋರ್ ಅಷ್ಟೇ, ಸ್ಟ್ರೋಕ್ ಮಾತ್ರ 90.7 ಮಿ.ಮೀ. ಹೋಂಡಾ ಅದರ ಕೆಂಪು ಗೆರೆಯನ್ನು (ಮೀಟರಿನಲ್ಲಿ ಗುರುತಿಸಿದ ಆರ್‌ಪಿಎಂ ಮಿತಿ) 8000ಕ್ಕೆ ಇಳಿಸಿತು. ಈ 2.2 ಲೀಟರ್ ಎಂಜಿನ್ ಹಳೆಯ ಕಾರಿನ ಮೌಂಟಿನ ಮೇಲೆ ಹೆಚ್ಚು ತಕರಾರಿಲ್ಲದೆ ಕೂರುತ್ತದೆ. ಅಪಾಯವೂ ಅಲ್ಲೇ ಇದೆ. ಎಲ್ಲ ಸಲೀಸಾಗಿ ಹೊಂದಿಕೊಂಡಿತೆಂದು ಹಳೆಯ ಇಸಿಯುವನ್ನೇ ಜೋಡಿಸಿ ಓಡಿಸಿದರೆ ಅದು 9000ದ ಆಸುಪಾಸಿನವರೆಗೂ ತಡೆಯುವುದಿಲ್ಲ.

ಒಂದು ಸಾವಿರ ಹೆಚ್ಚಾದರೆ ಏನಾಗುತ್ತದೆ ಎನ್ನುವವರಿಗೆ ಲೆಕ್ಕ ಇಲ್ಲಿದೆ. ಸ್ಟ್ರೋಕನ್ನು ಮೀಟರಿನಲ್ಲಿ ಬರೆದು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸಿಗುತ್ತದೆ. ಎಫ್20ಸಿ 9000ದಲ್ಲಿ ಸೆಕೆಂಡಿಗೆ 25.2 ಮೀಟರ್, ಎಫ್22ಸಿ1 8000ದಲ್ಲಿ 24.2. ಅದೇ ಎಫ್22ಸಿ1 9000ಕ್ಕೆ ಏರಿದರೆ 27.2. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟುಗಳ ಮೇಲೆ ಬೀಳುವ ಎಳೆತವಂತೂ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 8000ದಿಂದ 9000ಕ್ಕೆ ಹೋದರೆ ವೇಗ ಹೆಚ್ಚುವುದು ಶೇ 12.5, ಎಳೆತ ಹೆಚ್ಚುವುದು ಶೇ 26ಕ್ಕೂ ಮೇಲೆ. ಇಷ್ಟು ಮಾಡಿಯೂ ಲಾಭವಿಲ್ಲ. ಈ ಎಂಜಿನ್ನಿನ ಗರಿಷ್ಠ ಶಕ್ತಿ 7800ರಲ್ಲೇ ಬಂದುಬಿಡುತ್ತದೆ.

ಹಾಗಾಗಿ ಮೊದಲ ಓಟಕ್ಕೂ ಮುಂಚೆ ಲಿಮಿಟ್ ಇಳಿಸಬೇಕು. ಎರಡು ದಾರಿಗಳಿವೆ. 2004–05ರ ಕಾರಿನ ಇಸಿಯು ಹಾಕುವುದು ಒಂದು. ಆ ವರ್ಷಗಳಲ್ಲಿ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯ ಕವಾಟ) ಇನ್ನೂ ಕೇಬಲ್ಲಿನದೇ, ಹಳೆಯ ಕಾರಿನಲ್ಲಿದ್ದಂತೆ. ಆದರೆ ವೈರಿಂಗನ್ನು ಪಿನ್ ಪಿನ್ ತಾಳೆ ನೋಡಬೇಕು, ಕಳ್ಳತನ ತಡೆಯುವ ಇಮೊಬಿಲೈಸರಿಗೆ ಕೀಲಿಯನ್ನು ಹೊಸದಾಗಿ ಕಲಿಸಬೇಕು. 2006ರಿಂದೀಚಿನ ಇಸಿಯು ಎಲೆಕ್ಟ್ರಾನಿಕ್ ಥ್ರಾಟಲ್ಲಿನದು, ಹಳೆಯ ಕಾರಿಗೆ ಹಾಗೇ ನಡೆಯದು. ಇನ್ನೊಂದು ದಾರಿ ಕಾರಿನ ಮೂಲ ಇಸಿಯುವಿನ ಬದಲು ಹಾಕುವ, ಪೂರ್ತಿ ಪ್ರೋಗ್ರಾಂ ಮಾಡಬಹುದಾದ ಸ್ಟ್ಯಾಂಡ್‌ಅಲೋನ್ ಇಸಿಯು. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಮೇಲು, ಏಕೆಂದರೆ ಕೆಲಸ ಲಿಮಿಟ್ ಒಂದಕ್ಕೇ ಮುಗಿಯುವುದಿಲ್ಲ.

ಗೇರಿನ ಲೆಕ್ಕ ನೋಡಿ. ಹಳೆಯ ಎಸ್2000ದಲ್ಲಿ ಎರಡನೇ ಗೇರಿನ ಅನುಪಾತ 2.045, ಮೂರನೆಯದು 1.481. 9000ದಲ್ಲಿ ಗೇರ್ ಬದಲಿಸಿದರೆ ಆರ್‌ಪಿಎಂ ಸುಮಾರು 6500ಕ್ಕೆ ಇಳಿಯುತ್ತದೆ. 8000ದಲ್ಲಿ ಬದಲಿಸಿದರೆ 5800ಕ್ಕೆ. ವಿಟೆಕ್ ಎಂಬುದು ಕಡಿಮೆ ವೇಗಕ್ಕೆ ಸಣ್ಣ ಕ್ಯಾಮ್, ಹೆಚ್ಚಿನ ವೇಗಕ್ಕೆ ವಾಲ್ವುಗಳನ್ನು ಹೆಚ್ಚು ತೆರೆಯುವ ದೊಡ್ಡ ಕ್ಯಾಮ್ ಬಳಸುವ ಹೋಂಡಾದ ವ್ಯವಸ್ಥೆ. ಹಳೆಯ ಇಸಿಯುವಿನಲ್ಲಿ ದೊಡ್ಡ ಕ್ಯಾಮ್ ಕೆಲಸಕ್ಕೆ ಬರುವುದು 6000ದ ಹತ್ತಿರ. ಅಂದರೆ ಲಿಮಿಟ್ ಮಾತ್ರ ಇಳಿಸಿದ ಕಾರು ಮೂರನೇ ಗೇರಿಗೆ ಬಿದ್ದಾಗಲೆಲ್ಲ ಒಂದು ಕ್ಷಣ ಸೊರಗುತ್ತದೆ. ಅದನ್ನು ಕಂಡು ‘ಹಳೆಯ 9000ವೇ ಚೆನ್ನಾಗಿತ್ತು’ ಎಂದು ಲಿಮಿಟನ್ನು ಮತ್ತೆ ಏರಿಸುವವರಿದ್ದಾರೆ. ಏರಿಸಬೇಡಿ, ದೊಡ್ಡ ಕ್ಯಾಮಿಗೆ ಬದಲಾಗುವ ವಿಟೆಕ್ ಬಿಂದುವನ್ನು ಇಳಿಸಿ. ಶಕ್ತಿ ಅಳೆಯುವ ಯಂತ್ರವಾದ ಡೈನೋ ಮೇಲೆ ಸಣ್ಣ ಕ್ಯಾಮಿನಲ್ಲೊಮ್ಮೆ, ದೊಡ್ಡ ಕ್ಯಾಮಿನಲ್ಲೊಮ್ಮೆ ಓಡಿಸಿ, ಎರಡು ಟಾರ್ಕ್ (ತಿರುಗುಬಲ) ರೇಖೆಗಳು ಕೂಡುವ ಆರ್‌ಪಿಎಂಗೆ ಅದನ್ನು ಇಡಬೇಕು. ಆ ಜಾಗದಲ್ಲಿ ಎಷ್ಟು ಇಂಧನ, ಯಾವಾಗ ಕಿಡಿ ಎಂದು ಹೇಳುವ ಇಂಧನ, ಇಗ್ನಿಷನ್ ಮ್ಯಾಪ್ ಕೂಡ ಆಗಲೇ ಸರಿಪಡಿಸಬೇಕು.

ಇನ್ನು ಲಿಮಿಟರ್ ಹೊಂದಿಸುವ ಬಗೆ. ಕೆಂಪು ಗೆರೆಗಿಂತ ತುಸು ಮೇಲೆ 8200ಕ್ಕೆ ಇಂಧನ ಕಡಿತ, ಸುಮಾರು 8050ಕ್ಕೆ ಮತ್ತೆ ಚಾಲೂ. ಈ ಅಂತರ ತೀರಾ ಕಿರಿದಾದರೆ ಎಂಜಿನ್ ಪಟಪಟ ಬಡಿಯುತ್ತದೆ, ಹಿಗ್ಗಿಸಿದರೆ ಕಾರು ಮುಗ್ಗರಿಸುತ್ತದೆ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ರಸ್ತೆ ಕಾರಿನಲ್ಲಿ ಇಗ್ನಿಷನ್ ಮಾತ್ರ ಕಡಿಯುವ ಲಿಮಿಟರ್ ಬೇಡ. ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೊತ್ತಿ ಅದನ್ನು ಕರಗಿಸುತ್ತದೆ. ತಣ್ಣಗಿರುವ ಎಂಜಿನ್ನಿಗೆ ಬೇರೆ ಲಿಮಿಟ್ ಇರಲಿ: ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) 60 ಡಿಗ್ರಿ ಮುಟ್ಟುವವರೆಗೆ 5000 ಸಾಕು. ಆಯಿಲ್ ಬಿಸಿಯಾಗುವುದು ಕೂಲಂಟಿಗಿಂತ ತಡ, ಆದ್ದರಿಂದ ಆಮೇಲೂ ಕೆಲವು ನಿಮಿಷ ಸಾವಧಾನ ಬೇಕು.

ಹೊಂದಿಸಿದ್ದನ್ನು ನಂಬುವ ಮುಂಚೆ ಪರೀಕ್ಷಿಸಿ. ಲಿಮಿಟನ್ನು ತಾತ್ಕಾಲಿಕವಾಗಿ 4000ಕ್ಕೆ ಇಟ್ಟು ನ್ಯೂಟ್ರಲ್ಲಿನಲ್ಲಿ ಎಕ್ಸಲರೇಟರ್ ಒತ್ತಿ. ಅಲ್ಲಿ ಕಡಿಯದಿದ್ದರೆ 8200ರಲ್ಲೂ ಕಡಿಯದು. ಇಸಿಯುವಿನ ಲಾಗ್, ಡ್ಯಾಶ್‌ಬೋರ್ಡಿನ ಮೀಟರ್ ಎರಡೂ ಒಂದೇ ಸಂಖ್ಯೆ ತೋರಿಸುತ್ತವೆಯೇ ನೋಡಿ. ಹಳೆಯ ಮೀಟರಿನ ಕೆಂಪು ಗೆರೆ ಈಗಲೂ 9000ದಲ್ಲೇ ಇರುತ್ತದೆ, ಅದನ್ನು ನಂಬುವಂತಿಲ್ಲ. ಗೇರ್ ಬದಲಿಸುವ ಹೊತ್ತು ತಿಳಿಸುವ ಶಿಫ್ಟ್ ಲೈಟ್ ಹಾಕಿಸಿ. ಮೊದಲ ಗೇರಿನಲ್ಲಿ ಸೆಕೆಂಡಿಗೆ 2500 ಆರ್‌ಪಿಎಂ ಏರಿದರೆ ಕೈ ಕಾಲು ಆಡುವ 0.2 ಸೆಕೆಂಡಿನಲ್ಲೇ 500 ಏರಿರುತ್ತದೆ. ಆದ್ದರಿಂದ ಲೈಟ್ ಹೊತ್ತುವ ಆರ್‌ಪಿಎಂ ಮೊದಲ ಗೇರಿಗೆ 7400, ಮೇಲಿನ ಗೇರುಗಳಿಗೆ 7800 ಎಂಬಂತೆ ಬೇರೆ ಬೇರೆ ಇರಲಿ.

ಎಷ್ಟು ಜಾಗ್ರತೆ ಮಾಡಿದರೂ ಲಿಮಿಟರ್ ತಡೆಯಲಾಗದ ಒಂದು ಸಂದರ್ಭವಿದೆ. ಮೂರನೇ ಗೇರಿನಲ್ಲಿ 8000 ಇದ್ದಾಗ ನಾಲ್ಕಕ್ಕೆ ಎಳೆಯಲು ಹೋಗಿ ಕೈ ಎರಡಕ್ಕೆ ಜಾರಿದರೆ, ಕ್ಲಚ್ ಬಿಟ್ಟ ಕೂಡಲೇ ಚಕ್ರಗಳು ಎಂಜಿನ್ನನ್ನು 11,000ಕ್ಕೆ ತಿರುಗಿಸುತ್ತವೆ. ಆಗ ಪೆಟ್ರೋಲು ಕಡಿದು ಏನೂ ಪ್ರಯೋಜನವಿಲ್ಲ. ವಾಲ್ವ್ ಸ್ಪ್ರಿಂಗುಗಳ ಹಿಡಿತ ತಪ್ಪುತ್ತದೆ, ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ರಿಟೇನರ್ ಬಿರುಕು ಬಿಡುತ್ತದೆ. ಕಾರು ಅಂದು ಓಡಬಹುದು, ಎಷ್ಟೋ ದಿನದ ಮೇಲೆ ವಾಲ್ವ್ ಕಳಚಿ ಪಿಸ್ಟನ್ನಿನ ಮೇಲೆ ಬೀಳುತ್ತದೆ. 2004ಕ್ಕೂ ಹಿಂದಿನ ರಿಟೇನರುಗಳಿಗೆ ಈ ಕೆಟ್ಟ ಹೆಸರಿದೆ. ಬಳಸಿದ ಎಂಜಿನ್ ಕೊಂಡಿದ್ದರೆ ಕೂರಿಸುವ ಮುಂಚೆಯೇ ವಾಲ್ವ್ ಕವರ್ ಬಿಚ್ಚಿ ರಿಟೇನರುಗಳನ್ನು ಒಂದೊಂದಾಗಿ ನೋಡಿ. ತಣ್ಣಗಿರುವಾಗ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಇನ್‌ಟೇಕಿಗೆ 0.21–0.25, ಎಕ್ಸಾಸ್ಟಿಗೆ 0.25–0.29 ಮಿ.ಮೀ. ಇರಬೇಕು. ಯಾವುದೋ ಒಂದು ಮಾತ್ರ ಎದ್ದುಕಾಣುವಷ್ಟು ಬೇರೆಯಾಗಿದ್ದರೆ ಆ ವಾಲ್ವನ್ನು ಅನುಮಾನಿಸಿ.

ಪಿಸ್ಟನ್ ವೇಗದ ಲೆಕ್ಕವೇ ಎಲ್ಲ ಎಂಜಿನ್ನಿಗೂ ಸಾಕೆಂದು ತಿಳಿಯಬಾರದು. ಅಮೆರಿಕದಲ್ಲಿ ಚಿಕ್ಕ ಕಾರುಗಳಿಗೆ ಕೂರಿಸುವ ಷೆವರ್ಲೆಯ ಎಲ್‌ಎಸ್3 ವಿ8ನ ಸ್ಟ್ರೋಕ್ 92 ಮಿ.ಮೀ., ಕೆಂಪು ಗೆರೆ 6600. ಅಲ್ಲಿ ಪಿಸ್ಟನ್ ವೇಗ ಬರೀ 20.2 ಮೀಟರ್. ಅದನ್ನು ಕಟ್ಟಿಹಾಕುವುದು ವಾಲ್ವುಗಳನ್ನು ಆಡಿಸುವ ಭಾಗಗಳಾದ ಪುಷ್‌ರಾಡ್, ಹೈಡ್ರಾಲಿಕ್ ಲಿಫ್ಟರ್, ವಾಲ್ವ್ ಸ್ಪ್ರಿಂಗುಗಳ ಮಿತಿ.

ತಮ್ಮ ಪತ್ರಿಕೆಯಲ್ಲಿ ಎಂಜಿನ್ ಬದಲಿಸಿದ ಕಾರಿನ ಪರಿಚಯ ಬಂದಾಗ ಶಕ್ತಿಯ ಅಂಕಿಯ ಪಕ್ಕದಲ್ಲಿ ಸ್ಟ್ರೋಕ್, ಇಸಿಯುವಿನಲ್ಲಿಟ್ಟ ಲಿಮಿಟ್, ತಣ್ಣನೆಯ ಎಂಜಿನ್ನಿನ ಲಿಮಿಟ್ ಈ ಮೂರನ್ನೂ ಅಚ್ಚುಮಾಡಬೇಕೆಂದು ಕೋರುತ್ತೇವೆ. ನಮ್ಮ ರಾಜ್ಯದ ರಸ್ತೆಗಿಳಿಯುವ ಕಾರಾದರೆ, ನೋಂದಣಿ ಪತ್ರದಲ್ಲಿರುವ ಎಂಜಿನ್ನನ್ನು ಬದಲಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕೆಂಬುದನ್ನೂ ಜೊತೆಗೆ ಸೇರಿಸಿ.

ಇಂತಿ,
ಎಂಜಿನ್ ಟ್ಯೂನಿಂಗ್ ಕೆಲಸದವರು, ಬೆಂಗಳೂರು