ಆಮೆ ಮೊದಲು ಆಮೆಯಾಗಿರಲಿ

ಪ್ರೀತಿಯ ಪುಟ್ಟಿಗೆ,
ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಆಮೆಯ ಕಥೆ ಎರಡು ಸಲ ಓದಿದೆ. ಮೊದಲ ಪುಟ ಚೆನ್ನಾಗಿದೆ ಕಣೆ. ಕೆರೆಯ ದಡ ಹತ್ತಲು ಹೋಗಿ ಜಾರಿ, ಅಂಗಾತ ಬಿದ್ದು ಕಾಲಾಡಿಸುತ್ತದಲ್ಲ, ಅಲ್ಲಿ ನನಗೂ ಉಸಿರು ಕಟ್ಟಿತು. ಎರಡನೇ ಪುಟದಲ್ಲಿ ಅದು ತಾಳ್ಮೆಯ ಬಗ್ಗೆ ಭಾಷಣ ಶುರು ಮಾಡಿತು. ಅಲ್ಲಿಗೆ ಆಮೆ ಹೋಯಿತು, ಚಿಪ್ಪು ಹೊತ್ತ ಉಪದೇಶ ಉಳಿಯಿತು.

ನೀನು ಬರೆಯಹೊರಟದ್ದು ಅನ್ಯೋಕ್ತಿ, ಅಂದರೆ ಒಂದನ್ನು ಹೇಳುತ್ತಾ ಇನ್ನೊಂದನ್ನು ಕಾಣಿಸುವುದು. ಉಪಮೆ ಒಂದು ಸಾಲಿಗೆ ಮುಗಿಯುತ್ತದೆ, ಇದು ಕಥೆಯ ಉದ್ದಕ್ಕೂ ನಡೆಯಬೇಕು. ನೇರವಾಗಿ ಹೇಳಿದರೆ ಕೆಲವು ಕಾಲದಲ್ಲಿ ತಲೆ ಹೋಗುತ್ತಿತ್ತು. ಈಗ ಕೇಳುವವರ ಕಿವಿಯೇ ಮುಚ್ಚಿಕೊಳ್ಳುತ್ತದೆ, ಅಷ್ಟೇ. ರಷ್ಯಾದ ಕ್ರಾಂತಿ ದಾರಿ ತಪ್ಪಿದ್ದನ್ನು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1945ರಲ್ಲಿ ಹಂದಿ, ಕುದುರೆಗಳ ಕಥೆಯಾಗಿ ಹೇಳಿದರು. ದುಡಿದು ದುಡಿದು ಕುಸಿದ ಕುದುರೆಯನ್ನು ಕಟುಕರ ಗಾಡಿಯಲ್ಲಿ ಸಾಗಿಸುವಾಗ, ರಷ್ಯಾ ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಅಳು ಬರುತ್ತದೆ.

ನಾನೂ ಹಿಂದೆ ಒಂದು ನಾಟಕ ಬರೆದಿದ್ದೆ. ಪಾತ್ರಗಳ ಹೆಸರು ಸತ್ಯ, ಲೋಭ, ಕರುಣೆ. ನೋಡುವವರು ನಿದ್ದೆ ಹೋದರು. ಹೆಸರಿನ ತಪ್ಪು ಅಂದುಕೊಂಡಿದ್ದೆ. ಆಮೇಲೆ ಹನ್ನೊಂದನೇ ಶತಮಾನದ ಕೃಷ್ಣಮಿಶ್ರರ ಸಂಸ್ಕೃತ ನಾಟಕ 'ಪ್ರಬೋಧಚಂದ್ರೋದಯ' ಓದಿದೆ. ಅಲ್ಲೂ ಪಾತ್ರಗಳು ವಿವೇಕ, ಮೋಹ, ದಂಭ ಅಂತಲೇ. ಆದರೆ ದಂಭನ ಮನೆಗೆ ಅಹಂಕಾರ ಬಂದಾಗ, "ದೂರ ನಿಲ್ಲಿ, ಗಾಳಿಗೆ ನಿಮ್ಮ ಬೆವರ ಹನಿ ಹಾರುತ್ತದೆ" ಅಂತ ತಡೆಯುತ್ತಾರೆ. ಬಂದವನು ದಂಭನ ಸ್ವಂತ ಅಜ್ಜ! ನನ್ನ ಲೋಭನಿಗೆ ಬೆವರೇ ಇರಲಿಲ್ಲ ನೋಡು.

ಇನ್ನೊಂದು, ಕೊನೆಯಲ್ಲಿ "ಕೆರೆ ಅಂದರೆ ಸಮಾಜ" ಅಂತ ಬರೆದಿದ್ದೀಯ. ಅದನ್ನು ಹೊಡೆದುಹಾಕು. ಅರ್ಥಕ್ಕೆ ಬೀಗ ಹಾಕಿದರೂ ಅದು ನಿಲ್ಲುವುದಿಲ್ಲ. ನ್ಯಾಯದೇವತೆಯ ಕಣ್ಣಿನ ಪಟ್ಟಿ ಗೊತ್ತಲ್ವಾ? 1494ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚಾದ ಒಂದು ಚಿತ್ರದಲ್ಲಿ ಅದನ್ನು ಕಟ್ಟುತ್ತಿರುವವನು ಒಬ್ಬ ಮೂರ್ಖ. ನ್ಯಾಯ ಕುರುಡಾಯಿತು ಅಂತ ಅಣಕ. ಮುಂದೆ ಜನ ಅದೇ ಪಟ್ಟಿಯನ್ನು ಪಕ್ಷಪಾತವಿಲ್ಲದ ಗುರುತು ಅಂತ ಗೌರವಿಸಿದರು.

ಹಾಗಂತ ಸಿಕ್ಕಿದ ಕಥೆಯಲ್ಲೆಲ್ಲ ಗೂಢಾರ್ಥ ಹುಡುಕಬೇಡ. ಕೆಲವು ಕಾಗೆ ಬರೀ ಕಾಗೆ.

ಭಾಷಣ ತೆಗೆದು ಕಥೆ ಮತ್ತೆ ಕಳಿಸು. ಬಿದ್ದ ಆಮೆ ಕತ್ತು ಚಾಚಿ, ನೆಲಕ್ಕೆ ತಲೆ ಒತ್ತಿ ಮಗುಚಿಕೊಳ್ಳುತ್ತದೆ. ನಿನ್ನದು ಹೇಗೆ ಎದ್ದಿತು ಅಂತ ನೀನು ಬರೆದೇ ಇಲ್ಲ.

ಇಂತಿ,
ನಿನ್ನ ದೊಡ್ಡಮ್ಮ