ತಾಯಿ ಕಾರ್ಡ್ ಕೈಗೆ ಬರುವ ಮೊದಲೇ ತಾಯಿಯ ತೂಕ ನೋಡಿ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಮ್ಮಲ್ಲಿ ಬಸುರಿ ಅಂದ ಕೂಡಲೇ ಮನೆಯವರ ಚಿಂತೆ ಒಂದೇ, ತೂಕ ಏರುತ್ತಿದೆಯೋ ಇಲ್ಲವೋ. ಅದು ಸುಳ್ಳು ಚಿಂತೆಯಲ್ಲ. ರಕ್ತಹೀನತೆ, ಕಡಿಮೆ ತೂಕದ ಕೂಸು ಇನ್ನೂ ನಮ್ಮನ್ನು ಬಿಟ್ಟಿಲ್ಲ. ಆದರೆ ಗರ್ಭ ನಿಲ್ಲುವ ಮೊದಲೇ ತೂಕ ಜಾಸ್ತಿ ಇರುವ ಹೆಂಗಸರೂ ಈಗ ಅದೇ ಸಾಲಿನಲ್ಲಿ ಕೂತಿರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ ಅತಿತೂಕದವರು. ಕರ್ನಾಟಕದಲ್ಲಿ ಇನ್ನೂ ಹೆಚ್ಚು. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಅತಿತೂಕವೂ ಹಿಂದಿನ ಸಮೀಕ್ಷೆಯ ಶೇ 2.1ರಿಂದ 3.4ಕ್ಕೆ ಏರಿದೆ.

ಈ ಎರಡಕ್ಕೂ ನಂಟಿದೆ. ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯಾದ 1,62,000ಕ್ಕೂ ಹೆಚ್ಚು ತಾಯಿ-ಮಕ್ಕಳ ಮಾಹಿತಿಯನ್ನು ಒಟ್ಟು ಹಾಕಿದ ಅಧ್ಯಯನ 2019ರಲ್ಲಿ ಬಂತು. ಬಸುರಿಯಾಗುವ ಮೊದಲು ತಾಯಿಯ ತೂಕ ಜಾಸ್ತಿ ಇದ್ದರೆ ಮಗುವಿಗೂ ಅತಿತೂಕ ಬರುವ ಸಾಧ್ಯತೆ ಹೆಚ್ಚು ಎಂದು ಅದು ಹೇಳಿತು. ಬಸಿರಿನಲ್ಲಿ ಏರುವ ತೂಕದ ಪ್ರಭಾವವೂ ಇದೆ, ಆದರೆ ಮೊದಲಿನ ತೂಕದ್ದೇ ದೊಡ್ಡದು.

ಒಂದು ಕಾರಣ ಸಕ್ಕರೆ. ತೂಕ ಹೆಚ್ಚಿದ್ದವರಿಗೆ ಬಸಿರಿನ ಸಕ್ಕರೆ ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಕೂಸಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಕೂಸು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಂಡು ಸಕ್ಕರೆಯನ್ನು ಕೊಬ್ಬಾಗಿಸಿ ಕೂಡಿಡುತ್ತದೆ. ಇದಕ್ಕೆ ದೂರದ ದೇಶದ ಸಾಕ್ಷಿ ಬೇಕಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಬಸಿರಿನ ಸಕ್ಕರೆ ಕಾಯಿಲೆ ಇದ್ದವರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಜಾಸ್ತಿ ಇತ್ತು.

ನನಗೂ ಮೊದಲ ಬಸಿರಿನಲ್ಲಿ ಸಕ್ಕರೆ ಏರಿತ್ತು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ನನಗೆ ಯಾರೂ ಹೇಳಲಿಲ್ಲ. ಅದೇ ಆರನೇ ವಾರ ಕೂಸಿನ ಲಸಿಕೆಗೆ ಹೋದಾಗ ಕೂಸನ್ನು ತೂಗಿದರು, ಚೀಟಿಯಲ್ಲಿ ಬರೆದರು. ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಬಾಣಂತನದ ತುಪ್ಪ, ಅಂಟಿನ ಉಂಡೆ, ಓಡಾಡಬೇಡ ಎಂಬ ಮಾತು, ಎಲ್ಲ ಸೇರಿ ಏರಿದ ತೂಕ ಇಳಿಯುವ ಮೊದಲೇ ಎರಡನೆಯ ಗರ್ಭ ನಿಂತಿತ್ತು. ಎಷ್ಟು ಮನೆಗಳಲ್ಲಿ ಹೀಗೇ ಆಗುತ್ತದೆ, ಅಲ್ವಾ?

ಸಚಿವರೇ, ನಾನು ಕೇಳುವುದಕ್ಕೆ ಹೊಸ ಯೋಜನೆ ಬೇಡ. ಲಸಿಕೆಗೆ ಬರುವ ತಾಯಿಯನ್ನೂ ಅಲ್ಲೇ ತೂಗಿಸಿ. ಬಸಿರಿನಲ್ಲಿ ಸಕ್ಕರೆ ಇದ್ದವರಿಗೆ ಆರನೇ ವಾರದ ಲಸಿಕೆಯ ದಿನವೇ ಸಕ್ಕರೆ ಪರೀಕ್ಷೆ ಮಾಡಿಸಿ. ಆಶಾ ಕಾರ್ಯಕರ್ತೆಯರ ಹತ್ತಿರ ಮಕ್ಕಳಾಗುವ ವಯಸ್ಸಿನ ದಂಪತಿಗಳ ಪಟ್ಟಿ ಹೇಗೂ ಇರುತ್ತದೆ. ಇವತ್ತು ಅದು ಹೆಚ್ಚಾಗಿ ಕುಟುಂಬ ಯೋಜನೆಗೆ ಮಾತ್ರ. ಅದೇ ಭೇಟಿಯಲ್ಲಿ ಎತ್ತರ, ತೂಕ ನೋಡಿ, ಬೇಕಾದವರನ್ನು ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಕಳಿಸಲಿ. ಆದರೆ ಈ ಕೆಲಸವನ್ನು ಆಶಾಗಳ ಮೇಲೆ ಸುಮ್ನೆ ಹೇರಬೇಡಿ, ಗೌರವಧನ ಕೊಟ್ಟು ಮಾಡಿಸಿ.

ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಕೊಡುವ ಮಾತೃಪೂರ್ಣದ ಊಟಕ್ಕೆ ಕೈ ಹಾಕಬೇಡಿ. ಮೊಟ್ಟೆ, ಹಾಲು ಎಲ್ಲ ತಾಯಂದಿರಿಗೂ ಬೇಕು, ತೂಕ ಜಾಸ್ತಿ ಇದ್ದವರಿಗೂ ರಕ್ತಹೀನತೆ ಇರುತ್ತದೆ. ಬಸಿರಿನಲ್ಲಿ ಉಪವಾಸ ಕೆಡವುವುದು ಪರಿಹಾರವೇ ಅಲ್ಲ. ಅನ್ನ ಎಷ್ಟು, ಕಾಳು-ಸೊಪ್ಪು ಎಷ್ಟು ಅಂತ ತಿಳಿಹೇಳುವವರು ಬೇಕು. ಅದಕ್ಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ನಿಮ್ಮ ಜೊತೆ ಕೂರಬೇಕು.

ಸಿಬ್ಬಂದಿಗೆ ಒಂದು ಮಾತು ಹೇಳಿಬಿಡಿ. ತೂಕದ ಯಂತ್ರದ ಮುಂದೆ ಯಾವ ಹೆಂಗಸನ್ನೂ ಹೀಯಾಳಿಸಬಾರದು. ಒಮ್ಮೆ ಅವಮಾನವಾದರೆ ಅವಳು ಮತ್ತೆ ಬರುವುದಿಲ್ಲ. ಮಗುವಿನ ತೂಕಕ್ಕೆ ವಂಶ, ಮನೆಯ ಊಟ, ಆಟದ ಜಾಗ, ಅಪ್ಪನ ತೂಕ ಎಲ್ಲವೂ ಸೇರುತ್ತವೆ. ಅತಿತೂಕದ ತಾಯಿಯ ಎಲ್ಲ ಮಕ್ಕಳೂ ದಪ್ಪಗಾಗುವುದಿಲ್ಲ. ಇದನ್ನು ತಾಯಿಯ ತಪ್ಪು ಎಂದು ಹೊರಿಸಿದರೆ ನಾನು ಬರೆದದ್ದೆಲ್ಲ ತಿರುಗುಬಾಣವಾಗುತ್ತದೆ.

ಮೊದಲು ಒಂದೇ ತಾಲ್ಲೂಕಿನಲ್ಲಿ, ಲಸಿಕೆಯ ದಿನ ತಾಯಂದಿರನ್ನು ತೂಗುವುದನ್ನಾದರೂ ಶುರು ಮಾಡಿಸಿ.

ಇಂತಿ,
ಮೈಸೂರಿನ ಇಬ್ಬರು ಮಕ್ಕಳ ತಾಯಿ