ನೀನಾ ಪಾತ್ರ ಮಾಡೋ ನನ್ನ ಮಗಳಿಗೆ

ಪುಟ್ಟಿ,

ನಿಮ್ಮ ಕಾಲೇಜ್ ಟೀಮ್ ‘ದಿ ರೊಯಾಲ್’ ನಾಟಕ ಮಾಡ್ತಿದೆ, ನಿಂಗೆ ಕಪ್ಪು ಬಾಕ್ಸರ್ ಜೇ ಒಡಹುಟ್ಟಿದ ನೀನಾ ಪಾತ್ರ ಸಿಕ್ತು ಅಂತ ಕೇಳಿ ತುಂಬಾ ಖುಷಿಯಾಯ್ತು ಕಣೇ. ಆದ್ರೆ ಫೋನಲ್ಲಿ ಒಂದು ಮಾತಂದ್ಯಲ್ಲ, "ಜೇ ಬಿಳಿ ಚಾಂಪಿಯನ್ ಜೊತೆ ಆ ಮ್ಯಾಚ್ ಆಡ್ದೇ ಇದ್ದಿದ್ರೆ ಯಾರೂ ಸಾಯ್ತಿರ್ಲಿಲ್ಲ ಅಲ್ವಾಪ್ಪ" ಅಂತ, ಅದು ತಲೇಲೇ ಕೂತ್ಬಿಟ್ಟಿದೆ, ಅದಕ್ಕೇ ಬರೀತಿದೀನಿ.

ಜೇ ಕಥೆ ಹಿಂದಿರೋದು ಜ್ಯಾಕ್ ಜಾನ್ಸನ್ ಅನ್ನೋ ನಿಜವಾದ ಅಮೆರಿಕನ್ ಬಾಕ್ಸರ್. ಟೆಕ್ಸಸ್ಸಿನ ಗ್ಯಾಲ್ವೆಸ್ಟನ್‌ನವನು, ಅಪ್ಪ ಅಮ್ಮ ಇಬ್ರೂ ಗುಲಾಮರಾಗಿದ್ದೋರು. ಹೆವಿವೇಯ್ಟ್ ಪಟ್ಟಕ್ಕೆ ಕಪ್ಪು ಜನರ ಜೊತೆ ಆಡೋದೇ ಇಲ್ಲ ಅಂತ ಬಿಳಿ ಚಾಂಪಿಯನ್‌ಗಳು ಕೂತಿದ್ರು, ಇವನು ಅವತ್ತಿನ ಚಾಂಪಿಯನ್ ಟಾಮಿ ಬರ್ನ್ಸ್ ಬೆನ್ನುಬಿದ್ದು ಸಿಡ್ನಿವರೆಗೂ ಹೋಗಿ 1908ರಲ್ಲಿ ಗೆದ್ದ. ತಡ್ಕೊಳ್ಳೋಕಾಗ್ಲಿಲ್ಲ ಅವರಿಗೆ. ರಿಟೈರ್ ಆಗಿ ಹೊಲ ನೋಡ್ಕೊಂಡಿದ್ದ ಹಳೇ ಬಿಳಿ ಚಾಂಪಿಯನ್ ಜಿಮ್ ಜೆಫ್ರೀಸ್‌ನ ನಮ್ಮ ಮಾನ ಉಳಿಸಪ್ಪಾ ಅಂತ ವಾಪಸ್ ಕರೆತಂದ್ರು. 1910 ಜುಲೈ 4, ಅಮೆರಿಕದ ರೀನೋ ಊರಲ್ಲಿ, 15ನೇ ರೌಂಡಿಗೆ ಜೆಫ್ರೀಸ್ ಕಥೆ ಮುಗೀತು. ಅವತ್ತು ರಾತ್ರಿನೇ ಊರೂರಲ್ಲಿ ಗಲಾಟೆ, ರಿಂಗ್ ಹತ್ರ ಸುಳೀದೇ ಇದ್ದ ಕಪ್ಪು ಜನ, ನಮ್ಮವನು ಗೆದ್ದ ಅಂತ ಕುಣಿದಿದ್ದಕ್ಕೇ ಏಟು ತಿಂದ್ರು, ಎಷ್ಟೋ ಜನ ಪ್ರಾಣಾನೇ ಕಳ್ಕೊಂಡ್ರು.

ನೀನಾ ಹೆದರೋದು ಇದಕ್ಕೇ, ಆ ಹೆದರಿಕೆ ಸುಳ್ಳಲ್ಲ. ಆದ್ರೆ ಹೊಡೆದೋರ ಪಾಪಾನ ಗೆದ್ದೋನ ತಲೆಗೆ ಕಟ್ಬೇಡ ಪುಟ್ಟಿ. ಅವತ್ತಿನ ಸರ್ಕಾರಾನೂ ಅದನ್ನೇ ಮಾಡಿದ್ದು. 1912ರಲ್ಲಿ ಬಾಕ್ಸಿಂಗ್ ಫಿಲ್ಮ್‌ಗಳನ್ನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸ್ಬಾರ್ದು ಅಂತ ಕಾನೂನು ತಂದ್ರು, 1913ರಲ್ಲಿ ಬರೀ ಬಿಳಿಯರೇ ಕೂತಿದ್ದ ಜ್ಯೂರಿ, ಬಿಳಿ ಹೆಂಗಸಿನ ಸಂಬಂಧ ನೆಪ ಮಾಡ್ಕೊಂಡು, ಜಾನ್ಸನ್‌ನೇ ಅಪರಾಧಿ ಅಂತು. ಕ್ಷಮಾದಾನ ಸಿಕ್ಕಿದ್ದು 2018ರಲ್ಲಿ, ಅವನು ಸತ್ತಿದ್ದು 1946ರಲ್ಲೇ! ಇದನ್ನ ಓದಿದಾಗ್ಲೆಲ್ಲ ನಂಗೆ ಮೈ ಉರಿಯುತ್ತೆ.

ಇನ್ನು ಆಕ್ಟಿಂಗ್ ವಿಷ್ಯ. ಈ ನಾಟಕದಲ್ಲಿ ಯಾರೂ ಯಾರನ್ನೂ ಮುಟ್ಟಲ್ಲ, ಬಾಕ್ಸರ್‌ಗಳು ಪ್ರೇಕ್ಷಕರ ಕಡೆ ಮುಖ ಮಾಡಿ ನಿಲ್ತಾರೆ, ಚಪ್ಪಾಳೆ, ಕಾಲು ಕುಟ್ಟೋ ಸದ್ದು, ಅದರಲ್ಲೇ ಪಂಚ್ ಬೀಳುತ್ತೆ. ಕೊನೇ ಫೈಟಲ್ಲಿ ಬಿಳಿ ಚಾಂಪಿಯನ್ ಜಾಗದಲ್ಲಿ ನೀನಾ ನಿಲ್ತಾಳಲ್ಲ, ಅಲ್ಲಿ ದಯವಿಟ್ಟು ವಿಲನ್ ಥರ ಮುಖ ಗಂಟಿಕ್ಕಬೇಡ. ಬಿಳಿ ಹೆಂಗಸರ ಥರ ಕಾಣ್ಬೇಕು ಅಂತ ತಲೆಗೂದಲು ಹಾಳು ಮಾಡ್ಕೊಂಡ ಹುಡುಗಿ ಅವಳು, ಜೇ ಆಡೋದೇ ಅವಳಿಗೋಸ್ಕರ, ಅವಳು ಬೇಡ ಅನ್ನೋದು ಮನೆ ಮಕ್ಕಳಿಗೋಸ್ಕರ. ಇಬ್ರದ್ದೂ ಪ್ರೀತಿನೇ, ಅದಕ್ಕೇ ಆ ಸೀನ್ ನೋಡೋಕೆ ಅಷ್ಟು ಕಷ್ಟ ಆಗೋದು.

ಚಪ್ಪಾಳೆ ಟೈಮಿಂಗ್ ಚೆನ್ನಾಗಿ ಪ್ರಾಕ್ಟೀಸ್ ಮಾಡು, ಒಂಚೂರು ಹಿಂದೆ ಮುಂದೆ ಆದ್ರೂ ಪಂಚ್ ಸತ್ತೋಗುತ್ತೆ. ಶೋ ಯಾವತ್ತು ಅಂತ ಬೇಗ ಹೇಳು, ಅಮ್ಮನ್ನೂ ಕರ್ಕೊಂಡು ಬರ್ತೀನಿ.

ನಿನ್ನ
ಅಪ್ಪ